ವಾಪಸು ಹೋದ ಜೇನು

ಜೂನ್ ಮುಗಿಯುತ್ತ ಬಂದರೂ ಒಂದು ಹನಿ ಮಳೆ ಇರಲಿಲ್ಲ. ಮಧ್ಯಾಹ್ನಕ್ಕೆ ಸೌತೆ ಬಳ್ಳಿಗಳು ಜೋತುಬಿದ್ದು ನೆಲ ಹಿಡಿಯುತ್ತಿದ್ದವು. ಕೊಳದಿಂದ ನೀರು ಹೊತ್ತು ಹೊತ್ತು ಬ್ರೋನೆಯ ಹೆಗಲು ಬಿದ್ದುಹೋಗಿತ್ತು. ಮೊದಲೇ ಸಿಡುಕಿನ ಹೆಂಗಸು. ಮಳೆ ಬಾರದ್ದಕ್ಕೆ ಮೋಡವನ್ನು ಬೈಯುವಳು, ಹುಳ ಬಿದ್ದದ್ದಕ್ಕೆ ಎಲೆಕೋಸನ್ನು ಬೈಯುವಳು, ಉಳಿದ ಬೈಗುಳವೆಲ್ಲ ಅಳಿಯನ ಪಾಲು.

ಅಳಿಯ ಎವಾಲ್ಡಾಸ್ ಬಂದರಿನ ಊರಿನಲ್ಲಿ ಹುಟ್ಟಿ ಬೆಳೆದವನು. ಹೋದ ಚಳಿಗಾಲದಲ್ಲಿ ಮಗಳು ವಿಲ್ತೆ ಅವನನ್ನು ಮದುವೆಯಾಗಿ ಈ ಮನೆಗೆ ಕರೆತಂದಿದ್ದಳು. ಕಳೆ ಕೀಳು ಎಂದರೆ ಒಂದು ಸಾಲು ಕ್ಯಾರೆಟ್ಟನ್ನೇ ಕಿತ್ತಿದ್ದ. ನೆತ್ತಿ ಸುಡುವ ಬಿಸಿಲಲ್ಲಿ ಟೊಮೇಟೊ ಎಲೆಗಳಿಗೆ ನೀರು ಚಿಮುಕಿಸಿ ಎಲ್ಲವನ್ನೂ ಕರಕಲು ಮಾಡಿದ್ದ. ಬೈದರೆ "ಸರಿ ಅತ್ತೆ" ಎನ್ನುವನು. ಅದಕ್ಕೆ ಅವಳಿಗೆ ಇನ್ನಷ್ಟು ಉರಿಯುವುದು.

ಹೋದ ಭಾನುವಾರ ವಿಲ್ತೆ ಮುಖಕ್ಕೆ ಹೇಳಿದ್ದಳು. "ಅಮ್ಮ, ಎವಾಲ್ಡಾಸ್ ನಿನ್ನ ಮನೆ ಆಳಲ್ಲ. ಇನ್ನೊಂದ್ಸಲ ಅವನ ಮೇಲೆ ಕೂಗಾಡಿದ್ರೆ ಅವನ ಅಕ್ಕನ ಮನೆಗೆ ಹೊರಟುಹೋಗ್ತೀವಿ. ಮಗು ಅಲ್ಲೇ ಹುಟ್ಟಲಿ."

ವಿಲ್ತೆ ಐದು ತಿಂಗಳ ಬಸುರಿ. ಬ್ರೋನೆ ಅಂದಿನಿಂದ ಹಲ್ಲು ಕಚ್ಚಿಕೊಂಡು ಓಡಾಡುತ್ತಿದ್ದಳು. ಆ ತೊಟ್ಟಿಲು ತನ್ನ ಕಣ್ಣೆದುರಿಗೇ ತೂಗಬೇಕು ಅನ್ನುವುದೊಂದೇ ಅವಳ ಆಸೆ.

ಬುಧವಾರ ಔಷಧಿ ತರಲು ಪೇಟೆಗೆ ಹೋದವಳಿಗೆ ಬಸ್ಸು ಕಾಯುವಾಗ ಮಗಳ ಫೋನು ಬಂತು.

"ಅಮ್ಮ, ಬೇಗ ಬಾ! ನಮ್ಮ ಸೇಬಿನ ಮರಕ್ಕೆ ಜೇನು ಬಂದು ಕೂತಿದೆ. ಇಷ್ಟು ದಪ್ಪ, ಗೋಣಿಚೀಲ ನೇತು ಹಾಕಿದ ಹಾಗೆ! ಹುಲ್ಲುಗಾವಲಿನಾಚೆ ಬಾಲ್ಟ್ರುಸ್ ಮಾಮನ ಮನೆಯದು."

"ನೀನು ಹತ್ರ ಹೋಗ್ಬೇಡ."

"ಇಲ್ಲಮ್ಮ, ನನಗೆ ತಲೆ ಸುತ್ತುತ್ತಿದೆ, ಮಲಗ್ತೀನಿ. ಎವಾಲ್ಡಾಸ್ ನೋಡ್ಕೊಳ್ತಾನೆ."

ಬಸ್ಸಿನಲ್ಲಿ ಬ್ರೋನೆಗೆ ಕೂರಲಾಗಲಿಲ್ಲ. ಲಿಥುವೇನಿಯಾದ ಆ ಸೀಮೆಯಲ್ಲಿ ಜೇನನ್ನು ಮಾರುವ ರೂಢಿಯಿಲ್ಲ. ಒಬ್ಬರ ಪೆಟ್ಟಿಗೆಯಿಂದ ಪಾಲಾಗಿ ಹಾರಿದ ಹಿಂಡು ಇನ್ನೊಬ್ಬರ ಅಂಗಳದಲ್ಲಿ ಇಳಿದರೆ ಇಳಿದ ಕಡೆಯೇ ಅದಕ್ಕೆ ಗೂಡು. ಅಲ್ಲಿಂದ ಆ ಎರಡು ಮನೆಯವರು ಜೇನುನಂಟರು. ಮದುವೆಗೆ, ಮಗುವಿಗೆ ಹೆಸರಿಡುವಾಗ, ಹೆಣ ಎತ್ತುವಾಗ ಒಬ್ಬರನ್ನು ಬಿಟ್ಟು ಒಬ್ಬರಿಲ್ಲ. ಅಲ್ಲಿಯವರು ಜೇನು ಸತ್ತಿತು ಎನ್ನುವುದೂ ಇಲ್ಲ, ಮನುಷ್ಯರ ಹಾಗೆ ತೀರಿಕೊಂಡಿತು ಎನ್ನುತ್ತಾರೆ. ಬ್ರೋನೆಯ ಮನೆಯ ಜೇನು ಎಷ್ಟೋ ವರ್ಷದ ಹಿಂದೆ, ಅವಳ ಗಂಡ ಸತ್ತ ಚಳಿಗಾಲದಲ್ಲೇ ತೀರಿಕೊಂಡಿತ್ತು. ಆಮೇಲೆ ಒಂದು ಹಿಂಡೂ ಆ ಅಂಗಳದ ಕಡೆ ಸುಳಿದಿರಲಿಲ್ಲ. ಅವಳ ಬಾಯಿಗೆ ಹೆದರಿ ಬರುವುದಿಲ್ಲ ಎಂದು ಊರಿನವರು ನಗುತ್ತಿದ್ದರು.

ಮನೆ ಮುಟ್ಟಿದವಳೇ ಕೊಟ್ಟಿಗೆಗೆ ನುಗ್ಗಿ ಗಂಡನ ಹಳೆಯ ಜೇನುಪೆಟ್ಟಿಗೆ ಎಳೆದು, ಜೇಡರ ಬಲೆ ಒರೆಸಿ, ಜೇನಿಗೆ ಹಿಡಿಸಲೆಂದು ಪುದೀನ ಸೊಪ್ಪಿನಿಂದ ಒಳಗೆಲ್ಲ ಉಜ್ಜಿದಳು. ಎತ್ತಿಕೊಂಡು ಸೇಬಿನ ಮರದ ಹತ್ತಿರ ಬಂದು ನೋಡಿದರೆ ಕೊಂಬೆ ಖಾಲಿ.

ಆಗಲೇ ಎವಾಲ್ಡಾಸ್ ಹುಲ್ಲುಗಾವಲಿನ ಕಡೆಯಿಂದ ಬಂದ. ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ತುಟಿ ಬಾತಿತ್ತು, ಅಂಗಿ ಬೆವರಿಗೆ ಮೈಗಂಟಿತ್ತು. ಮುಖದಲ್ಲಿ ಮಾತ್ರ ಗೆದ್ದು ಬಂದವನ ಕಳೆ.

"ಎಲ್ಲೋ ಜೇನು?"

"ಕೊಟ್ಟು ಬಂದೆ ಅತ್ತೆ. ಬಾಲ್ಟ್ರುಸ್ ಅವರದು ಅಂತ ವಿಲ್ತೆ ಹೇಳಿದ್ಳು. ರಟ್ಟಿನ ಡಬ್ಬಕ್ಕೆ ಉದುರಿಸಿಕೊಂಡು ಹೋಗಿ ಅವರ ಕೈಗೇ ಕೊಟ್ಟೆ." ಬಾತ ತುಟಿ ಒರೆಸಿಕೊಂಡು ಹೇಳಿದ, "ಆದ್ರೆ ಯಾಕೆ ನಡೆದು ಬಂದೆ ಅಂತ ಕೇಳಿದ್ದು ಬಿಟ್ರೆ ಅವರು ಒಂದು ಮಾತೂ ಆಡ್ಲಿಲ್ಲ. ಡಬ್ಬ ಇಸ್ಕೊಂಡು ಗೇಟು ಹಾಕ್ಕೊಂಡ್ರು."

ಬ್ರೋನೆಯ ಕೈಯಿಂದ ಪೆಟ್ಟಿಗೆ ಕೆಳಗೆ ಬಿತ್ತು.

"ವಾಪಸು ಕೊಟ್ಟೆಯಾ? ಬಂದ ಜೇನನ್ನ ವಾಪಸು ಕೊಡ್ತಾರೇನೋ ದಡ್ಡ ಮುಂಡೇದೇ! ನಿಮ್ಮ ನಂಟಸ್ತಿಕೆ ನಮಗೆ ಬೇಡ ಅಂತ ಅವನ ಮುಖಕ್ಕೆ ಎಸೆದ ಹಾಗಾಯ್ತಲ್ಲ! ಇಷ್ಟು ವರ್ಷದ ಮೇಲೆ ಈ ಮನೆಗೊಂದು ಜೀವ ಬಂದಿತ್ತು, ಅದನ್ನೂ ಓಡಿಸಿದೆ. ನೀನು ಕಾಲಿಟ್ಟ ಮೇಲೆ ಇಲ್ಲಿ ಒಂದಾದ್ರೂ ನೆಟ್ಟಗಾಗಿದೆಯೇನೋ?"

ಎವಾಲ್ಡಾಸ್ ಈ ಸಲ "ಸರಿ ಅತ್ತೆ" ಎನ್ನಲಿಲ್ಲ. ತೆರೆದಿದ್ದ ಒಂದು ಕಣ್ಣಿನಲ್ಲಿ ಅವಳನ್ನೇ ನೋಡಿದ. ಬಾಗಿಲಲ್ಲಿ ವಿಲ್ತೆ ನಿಂತಿದ್ದಳು. ಒಳಗೆ ಹೋದಳು. ಬೀರು ತೆರೆದ ಸದ್ದು, ಸೂಟ್‌ಕೇಸಿನ ಜಿಪ್ಪು ಎಳೆದ ಸದ್ದು ಹೊರಗೆ ಕೇಳಿತು.

ಬ್ರೋನೆ ಅಂಗಳ ದಾಟಿ ಬಾಲ್ಟ್ರುಸ್ ಮನೆಯ ಕಡೆ ಹೊರಟೇಬಿಟ್ಟಳು. ಯಾರ ಹತ್ತಿರವಾದರೂ ತನ್ನದೇ ಸರಿ ಅನ್ನಿಸಿಕೊಳ್ಳಬೇಕಾಗಿತ್ತು. ಹುಲ್ಲುಗಾವಲು ಕಾದ ಬಾಣಲೆಯ ಹಾಗಿತ್ತು. ನೆರಳಿಗೊಂದು ಪೊದೆಯಿಲ್ಲ. ಅರ್ಧ ದಾರಿಯಲ್ಲೇ ಅವಳಿಗೆ ಏದುಸಿರು ಬಂತು. ಇದೇ ದಾರಿಯಲ್ಲಿ ಎವಾಲ್ಡಾಸ್ ಡಬ್ಬ ಹೊತ್ತು ನಡೆದಿದ್ದ.

ಬಾಲ್ಟ್ರುಸ್ ಅವಳಿಗಿಂತ ಎಷ್ಟೋ ದೊಡ್ಡವನು. ಲಿಂಡನ್ ಮರದ ಕೆಳಗೆ ಬೆಂಚಿನ ಮೇಲೆ ಕೂತಿದ್ದ. ಮರ ಹೂಬಿಟ್ಟು, ಜೇನುಹುಳ ತುಂಬಿ, ಪೂರ್ತಿ ಗುಂಯ್‌ಗುಡುತ್ತಿತ್ತು. ಡಬ್ಬ ಅವನ ಕಾಲಬುಡದಲ್ಲೇ ಇತ್ತು.

"ಬಾಲ್ಟ್ರುಸ್ ಅಣ್ಣ, ಬೇಜಾರು ಮಾಡ್ಕೋಬೇಡ. ಆ ಹುಡುಗನಿಗೆ ನಮ್ಮ ಕಡೆ ಪದ್ಧತಿ ಏನೂ ಗೊತ್ತಿಲ್ಲ, ಶುದ್ಧ ಪೆದ್ದ..."

"ಮೆತ್ತಗೆ ಮಾತಾಡು. ಹುಳ ಕೆರಳ್ತವೆ."

ಅವಳು ದನಿ ತಗ್ಗಿಸಿದಳು.

"ಮೊದಲು ನನಗೂ ಮೈ ಉರೀತು," ಅಂದ ಬಾಲ್ಟ್ರುಸ್. "ನೀನೇ ಹೇಳಿ ಕಳಿಸಿದ್ದೀಯ ಅಂದ್ಕೊಂಡೆ. ಆಮೇಲೆ ಕೂತು ಯೋಚನೆ ಮಾಡಿದೆ. ಕಾರಿತ್ತಲ್ಲ, ಯಾಕಯ್ಯ ನಡೆದು ಬಂದೆ ಅಂತ ಕೇಳಿದ್ದೆ. 'ಕಾರು ಕುಲುಕಿದ್ರೆ ಅವಕ್ಕೆ ಪೆಟ್ಟಾಗುತ್ತೆ' ಅಂದ. ಕಣ್ಣಿಗೆ ಕಚ್ಚಿದಾಗ್ಲೂ ಡಬ್ಬ ಕೆಳಗೆ ಹಾಕಿಲ್ಲ ಕಣೆ. ಒಳಗೆ ತೆಗೆದು ನೋಡಿದೆ, ಒಂದು ಹುಳವೂ ಅಪ್ಪಚ್ಚಿಯಾಗಿಲ್ಲ."

ಬ್ರೋನೆ ಬಗ್ಗಿ ಡಬ್ಬದೊಳಗೆ ನೋಡಿದಳು.

"ಹಿಂಡು ನಿಮ್ಮ ಅಂಗಳಕ್ಕೇ ಬರುತ್ತೆ. ಆದ್ರೆ ನನ್ನ ಜೇನುನಂಟ ಅವನು, ನೀನಲ್ಲ. ನಿನ್ನ ಬಾಯಿಗೆ ಕಲ್ಲೂ ನಿಲ್ಲಲ್ಲ, ಜೇನು ನಿಲ್ಲುತ್ತಾ? ಸಂಜೆ ತಂಪಾದ ಮೇಲೆ ಅವನನ್ನ ಕಳಿಸು."

"ಅವನು ಸಂಜೆಗೆ ನಮ್ಮನೇಲಿ ಇದ್ರೆ ಕಳಿಸ್ತೀನಿ, ಗಂಟುಮೂಟೆ ಕಟ್ತಿದ್ದಾರೆ," ಎಂದಳು ಬ್ರೋನೆ. ಬಾಲ್ಟ್ರುಸ್ ಅವಳ ಮುಖ ನೋಡಿದ. "ಹಾಗಾದ್ರೆ ಇಲ್ಲಿ ಯಾಕೆ ನಿಂತಿದ್ದೀಯ?" ಎಂದಷ್ಟೇ ಅಂದ.

ಅವಳು ಬರುವ ಹೊತ್ತಿಗೆ ಕಾರಿನ ಡಿಕ್ಕಿ ತೆರೆದಿತ್ತು. ಎವಾಲ್ಡಾಸ್ ಸೂಟ್‌ಕೇಸು ಇಡುತ್ತಿದ್ದ. ವಿಲ್ತೆ ಮುಂದಿನ ಸೀಟಿನಲ್ಲಿ ಕಾಲು ಹೊರಗೆ ಬಿಟ್ಟು ಕೂತಿದ್ದಳು. ಅತ್ತು ಕಣ್ಣು ಕೆಂಪಾಗಿತ್ತು.

"ಬಾಲ್ಟ್ರುಸ್ ಅಣ್ಣ ಜೇನು ಕೊಡ್ತಾನಂತೆ," ಎಂದಳು ಬ್ರೋನೆ. "ಎವಾಲ್ಡಾಸ್‌ಗೆ ಮಾತ್ರ. ನನಗಲ್ಲ."

"ಓಹೋ, ಜೇನಿಗೋಸ್ಕರ ಇರಬೇಕಾ ನಾವು?" ವಿಲ್ತೆ ಕೇಳಿದಳು.

"ಜೇನು ಹಾಳಾಗಿ ಹೋಗ್ಲಿ!" ಎಂದು ಕೂಗಿಬಿಟ್ಟಳು ಬ್ರೋನೆ. ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದಳು. ಮತ್ತೆ ಮಾತಾಡುವಾಗ ದನಿ ಎಷ್ಟು ಸಣ್ಣದಾಗಿತ್ತೆಂದರೆ ಎವಾಲ್ಡಾಸ್ ಕೇಳಲು ಹತ್ತಿರ ಬರಬೇಕಾಯಿತು. "ಜೇನಿಲ್ಲದೆ ಇಷ್ಟು ವರ್ಷ ಇದ್ದೀನಿ ಕಣೋ. ಇನ್ನೂ ಇರ್ತೀನಿ. ನೀವಿಬ್ರೂ ಹೋದ್ರೆ ಈ ಮನೇಲಿ ನಾನು ಬೈಯೋಕೂ ಯಾರೂ ಇರಲ್ಲ. ತಪ್ಪಾಯ್ತು. ನಿನ್ನ ಕಣ್ಣು ಈ ಗತಿಯಾಗಿರೋದು ನೋಡಿಯೂ ಮೊದಲು ಜೇನೆಲ್ಲಿ ಅಂತ ಕೇಳಿದೆ. ಅದು ತಪ್ಪು."

ಅವಳಿಗೆ ಹೇಳಲು ಬಂದದ್ದು ಅಷ್ಟೇ. ಇನ್ನು ನಿಲ್ಲಲಾರದೆ ಅಡುಗೆಮನೆಗೆ ಹೋಗಿ ಒಂದು ಈರುಳ್ಳಿ ಹೆಚ್ಚಿ ತಂದಳು. ಎವಾಲ್ಡಾಸ್‌ನನ್ನು ಮೆಟ್ಟಿಲ ಮೇಲೆ ಕೂರಿಸಿ ಬಿಲ್ಲೆಯೊಂದನ್ನು ಬಾತ ರೆಪ್ಪೆಯ ಮೇಲೆ ಒತ್ತಿ ಹಿಡಿದಳು.

"ಉರಿಯುತ್ತೆ ಅತ್ತೆ."

"ಉರೀಲಿ, ಅಲ್ಲಾಡ್ಬೇಡ." ನಾಲಗೆ ಕಚ್ಚಿಕೊಂಡು, "ಸ್ವಲ್ಪ ತಡ್ಕೋ ಮಗ," ಎಂದಳು.

ಅವನು ತಡೆದುಕೊಂಡ. ಕಣ್ಣು ಮುಚ್ಚಿಯೇ, ಹೆಂಡತಿಯ ಕಡೆ ಮುಖ ತಿರುಗಿಸಿ ಹೇಳಿದ. "ವಿಲ್ತೆ, ಸಂಜೆ ಹೋಗಿ ಜೇನು ತರ್ತೀನಿ, ಲಿಂಡನ್ ಹೂವು ಮುಗಿಯೋವರೆಗಾದ್ರೂ ಇರೋಣ. ಆಮೇಲೆ ನೋಡೋಣ."

ಆಮೇಲೆ ನೋಡೋದೇನು ಎಂಬ ಮಾತು ಬ್ರೋನೆಯ ತುದಿನಾಲಗೆಗೆ ಬಂದಿತ್ತು. ನುಂಗಿಕೊಂಡು ಈರುಳ್ಳಿಯ ಮಗ್ಗುಲು ಬದಲಿಸಿದಳು. ವಿಲ್ತೆ ಕಾರಿನಿಂದ ಇಳಿದು ಬಂದು ಮೆಟ್ಟಿಲ ಮೇಲೆ, ಅವರಿಬ್ಬರ ಪಕ್ಕದಲ್ಲಿ, ಉಸ್ಸೆಂದು ಕೂತಳು.