ಹರಳೆಣ್ಣೆ ಕುಡಿದ ಕಾರು

ನಾನು ಮೊದಲು ರವಿಕೆ ಹೊಲಿಯುತ್ತಿದ್ದೆ, ಈಗ ಕಾರಿನ ಸೀಟು ಹೊಲಿಯುತ್ತೇನೆ. ಕೆಲಸ ಹೆಚ್ಚುಕಮ್ಮಿ ಒಂದೇ. ಬಿಗಿ ಇರಬೇಕಾದ ಕಡೆ ಬಿಗಿ, ಸಡಿಲ ಇರಬೇಕಾದ ಕಡೆ ಸಡಿಲ. ಕಾರಿನಲ್ಲಿ ಒಂದು ಸುಖವಿದೆ. ಅದು ಹಬ್ಬದೂಟ ಉಂಡು ದಪ್ಪಗಾಗಿ ಬಂದು, “ನೀವೇ ಅಳತೆ ತಪ್ಪಿದ್ದೀರಿ” ಎಂದು ಜಗಳ ತೆಗೆಯುವುದಿಲ್ಲ.

ನಾಗಸಂದ್ರದಲ್ಲಿ ನಮ್ಮ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ತಗಡಿನ ಶೆಡ್ಡುಗಳಿವೆ. ನನ್ನ ಗಂಡ ಶ್ಯಾಮಣ್ಣ ಅವನ್ನು ಬಾಡಿಗೆಗೆ ಕೊಟ್ಟು, ಬೆಳಗ್ಗೆ ಒಂದು ಸುತ್ತು ಸಂಜೆ ಒಂದು ಸುತ್ತು ಬರುವುದನ್ನೇ ಉದ್ಯೋಗ ಮಾಡಿಕೊಂಡಿದ್ದಾರೆ. ಮೂಲೆ ಶೆಡ್ಡಿನಲ್ಲಿ ಸೀಟಿನ ಕೆಲಸ ಮಾಡುತ್ತಿದ್ದ ಶಿವರಾಜ್ ಅತ್ತಿಬೆಲೆಗೆ ಹೊರಟಾಗ ದೊಡ್ಡ ಹೊಲಿಗೆ ಮಿಷನ್ನನ್ನು ನನಗೇ ಕೊಟ್ಟ. “ಅಕ್ಕಾ, ನಿಮ್ಮ ಕೈಗೆ ಒಗ್ಗುತ್ತೆ” ಎಂದು ಕೆಲಸವನ್ನೂ ಹೇಳಿಕೊಟ್ಟ. ಈಗಲೂ ಏನಾದರೂ ಕೈಕೊಟ್ಟರೆ ಅವನಿಗೇ ಫೋನು.

ಆ ಬಿಳಿ ಕಾಂಟೆಸ್ಸಾ ಕಾರು ಬಂದದ್ದು ಯುಗಾದಿ ಕಳೆದ ಮೇಲೆ, ಬಿಸಿಲೇರುವ ಕಾಲದಲ್ಲಿ. ಹೊರಗೆ ಮೈ ತೊಳೆದ ಕರುವಿನಂತೆ ಹೊಳೆಯುತ್ತಿತ್ತು. ಬಾಗಿಲು ತೆಗೆದೆ ನೋಡಿ, ಬಾಣಂತಿ ಕೋಣೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಹರಳೆಣ್ಣೆ! ಸೀಟಿನ ತೊಗಲು ಹಳೇ ದೋಸೆ ಹೆಂಚಿನಂತೆ ಕಪ್ಪಾಗಿತ್ತು. ಡ್ರೈವರ್ ಹತ್ತಿಳಿಯುವ ಕಡೆ ಅಂಚು ಸವೆದು ಬಿರುಕು ಬಿಟ್ಟಿತ್ತು. ಬಾಗಿಲ ಒಳಗಿನ ಕೈ ಊರುವ ಪಟ್ಟಿಯ ತೊಗಲೂ ಹಾಗೇ. ಬೆರಳಿಟ್ಟರೆ ಅಂಟಂಟು.

ಕಾರು ಓಡಿಸಿಕೊಂಡು ಬಂದವರು ಮಲ್ಲಿಕ್, ದೊಡ್ಡನೆಕ್ಕುಂದಿಯ ಅಪಾರ್ಟ್‌ಮೆಂಟಿನಲ್ಲಿರುವವರು. ಪಕ್ಕದಲ್ಲಿ ಅವರ ತಂದೆ ಇರಣ್ಣ, ರಾಣೆಬೆನ್ನೂರಿನಲ್ಲಿ ಹತ್ತಿ ವ್ಯಾಪಾರ ಮಾಡಿದವರು. ಹಣೆಗೆ ವಿಭೂತಿ, ಜುಬ್ಬದ ಜೇಬಿನಲ್ಲಿ ಒಂದು ಪುಟ್ಟ ಬಾಟಲಿ. ಹಿಂದೆ ತಾಯಿ ಬಸಮ್ಮ. ಅವರು ಸೀಟಿನ ಮೇಲೆ ಒಂದು ಕಂಬಳಿ, ಅದರ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು, ಅದರ ಮೇಲೆ ಕುಳಿತಿದ್ದರು.

“ಮೇಡಂ, ಇದನ್ನೆಲ್ಲಾ ಕಿತ್ತಾಕಿ ರೆಕ್ಸಿನ್ ಹಾಕ್ಬಿಡಿ” ಅಂದರು ಮಲ್ಲಿಕ್.

“ರೆಕ್ಸಿನ್ ನಿನ್ನ ಆಫೀಸ್ ಕುರ್ಚಿಗೆ ಹಾಕ್ಕೊಳೋ” ಅಂದರು ಇರಣ್ಣ. “ಇದು ಅಸಲಿ ತೊಗಲು. ಹುಬ್ಬಳ್ಳ್ಯಾಗ ನಿಂತು ಹಾಕಿಸೇನಿ. ಆವಾಗ ನಮ್ಮೂರಾಗ ತೊಗಲಿನ ಸೀಟು ಇದ್ದದ್ದು ನಂದೊಂದ ಕಾರಿಗೆ.”

“ಯಜಮಾನ್ರೇ, ಎಣ್ಣೆ ಯಾಕೆ ಹಾಕಿದ್ರಿ?”

ಇರಣ್ಣ ನನ್ನನ್ನು ಪಾಪ ಎನ್ನುವಂತೆ ನೋಡಿದರು. “ಎತ್ತಿನ ಮಿಣಿಗೆ ಔಡಲ ಎಣ್ಣಿ ತಿಕ್ಕಲಿಲ್ಲಂದ್ರ ಏನಾಗ್ತೈತಿ? ಒಣಗಿ ಪಟಕ್ ಅಂತ ಹರೀತೈತಿ. ಇದೂ ತೊಗಲ, ಅದೂ ತೊಗಲ. ಅಮಾಸಿಗೊಮ್ಮೆ ತಪ್ಪದ ತಿಕ್ಕೇನಿ.”

“ಹೌದವಾ, ತಪ್ಪಿಸಿಲ್ಲ” ಅಂದರು ಬಸಮ್ಮ. “ನನ್ನ ಸೀರಿ ಎಷ್ಟು ಹೋದವು ಅಂತ ಅವರಿಗೆ ಲೆಕ್ಕಿಲ್ಲ. ನನ್ನ ತಂಗಿ ಗಂಡ ಒಮ್ಮೆ ಬಿಳೇ ಧೋತರ ಉಟ್ಟು ಕುಂತಿದ್ದ. ಇಳಿದ ಮ್ಯಾಲೆ ಮಂದಿ ನೋಡಿ ನಕ್ಕಿದ್ದಕ್ಕ ನಮ್ಮನಿಗೆ ಬರೂದ ಬಿಟ್ಟ.”

“ಅವ ಬರಲಿಲ್ಲಂತ ಯಾರು ಅತ್ತರು?” ಅಂದರು ಇರಣ್ಣ.

ವಿಷಯ ಆಮೇಲೆ ತಿಳಿಯಿತು. ಮೊಮ್ಮಗಳು ನಿವೇದಿತಾಳ ಮದುವೆ ಹತ್ತಿರ ಬಂದಿತ್ತು. ಅವಳು ಚಿಕ್ಕವಳಿದ್ದಾಗ ಈ ಕಾರಿನ ಹಿಂದಿನ ಸೀಟಿನಲ್ಲೇ ಮಲಗುತ್ತಿದ್ದಳಂತೆ. ಮದುವೆಗೆ ಇದೇ ಕಾರಿನಲ್ಲಿ ಹೋಗುವುದು ಎಂದು ಅಜ್ಜನಿಗೆ ಮಾತು ಕೊಟ್ಟಿದ್ದಳು, ಈಗಲೂ ಹಾಗೇ ಹೇಳುತ್ತಿದ್ದಳು. ಆದರೆ ಅಕ್ಷತೆ ಹೊತ್ತಿಗೆ ಉಡಲು ಆರಿಸಿದ್ದು ಕೆನೆ ಬಣ್ಣದ ರೇಷ್ಮೆ ಸೀರೆ. ಬಸಮ್ಮ ಅಡ್ಡ ನಿಂತಿದ್ದರು. ಸೀಟಿನ ಎಣ್ಣೆ ಹೋದರೆ ಕಾರು ಛತ್ರಕ್ಕೆ, ಇಲ್ಲದಿದ್ದರೆ ಗುಜರಿಗೆ.

ಇರಣ್ಣ ಕಾರಿನ ಕೀಲಿ ನನ್ನ ಕೈಗಿಟ್ಟು, “ಮರ್ಯಾದಿ ಉಳಸು ತಂಗಿ” ಅಂದರು. ದನಿ ಸಣ್ಣದಾಗಿತ್ತು. ಆಗ ನನಗೆ ಇದು ಬರೀ ಸೀಟಿನ ಕೆಲಸವಲ್ಲ ಎನ್ನಿಸಿತು.

ಸವೆದ ತೊಗಲನ್ನು ಸರಿಮಾಡುವುದು ದೊಡ್ಡ ವಿದ್ಯೆಯಲ್ಲ. ಕೊಳೆ ತೆಗೆಯಬೇಕು, ಬಿರುಕಿಗೆ ಪೇಸ್ಟು ತುಂಬಿ ನಯವಾಗಿ ಉಜ್ಜಬೇಕು, ತೆಳ್ಳಗೆ ಬಣ್ಣ ಹೊಡೆದು ಒಣಗಿಸಬೇಕು. ಎಣ್ಣೆ ಇದ್ದರೆ ಮಾತ್ರ ಯಾವುದೂ ನಿಲ್ಲುವುದಿಲ್ಲ. ಅಡುಗೆಮನೆ ಗೋಡೆಯಲ್ಲಿ ಒಗ್ಗರಣೆ ಹಾರಿದ ಕಡೆ ಸುಣ್ಣ ನಿಂತದ್ದನ್ನು ಯಾರಾದರೂ ಕಂಡಿದ್ದೀರಾ?

ಸೀಟುಗಳನ್ನು ಬಿಚ್ಚಿ ಕಾರಿನಿಂದ ಹೊರತೆಗೆದು ತೊಳೆಯುವ ದ್ರಾವಣ ಹಾಕಿ ಒರೆಸಿದೆ. ಬೆಳಗ್ಗೆ ಚೊಕ್ಕವಾಗಿ ಕಂಡಿತು. ಮಧ್ಯಾಹ್ನ ಶೆಡ್ಡಿನ ತಗಡು ಕಾದಾಗ ಒಳಗಿದ್ದ ಎಣ್ಣೆ ಬೆವರಿನಂತೆ ಮತ್ತೆ ಮೇಲೆ ಬಂತು. ಸರಿ, ನೆಲದ ಮೇಲೆ ಎಣ್ಣೆ ಚೆಲ್ಲಿದರೆ ಮನೆಯಲ್ಲಿ ಮಾಡುವುದನ್ನೇ ಮಾಡೋಣ ಎಂದು ಅಕ್ಕಿಹಿಟ್ಟು ಉದುರಿಸಿ ಬಿಟ್ಟೆ. ಮಾರನೇ ದಿನ ನಾಗಸಂದ್ರದ ಇರುವೆಗಳೆಲ್ಲ ಸಂಸಾರ ಸಮೇತ ಬಂದು ಕುಳಿತಿದ್ದವು.

ಶ್ಯಾಮಣ್ಣ ಸುತ್ತು ಬಂದವರು ಇಣುಕಿ ನೋಡಿದರು. “ಎಣ್ಣೆ ಐತೆ, ಅಕ್ಕಿಹಿಟ್ಟೈತೆ. ಇನ್ನೊಸಿ ಬೆಲ್ಲ ಆಕ್ಬುಡು ವಸಂತಿ, ಕಜ್ಜಾಯ ಆಯ್ತದೆ.”

“ನೀವು ಬಾಡಿಗೆ ವಸೂಲಿಗೆ ಹೋಗ್ರೀ” ಎಂದು ಗದರಿದೆ. ನಗು ಮಾತ್ರ ತಡೆಯಲಾಗಲಿಲ್ಲ.

ಶಿವರಾಜನಿಗೆ ಫೋನು ಮಾಡಿದೆ. “ಅಕ್ಕಾ, ತಿನ್ನೋ ಪದಾರ್ಥ ಹಾಕ್ತಾರಾ ಯಾರಾದ್ರೂ! ಮುಖಕ್ಕೆ ಹಚ್ಚೋ ಪೌಡರ್ ಹಾಕಿ. ತಣ್ಣಗಿರೋ ಕಡೆ ಇಡಬೇಡಿ, ಬಿಸಿಲಿಗೆ ಇಡಿ. ಕಾದಾಗ ಎಣ್ಣೆ ಮೇಲೆ ಬರುತ್ತೆ, ಪೌಡರ್ ಹೀರುತ್ತೆ. ಕೊಡವಿ, ಮತ್ತೆ ಹಾಕಿ. ಬೇಸರ ಮಾಡ್ಕೋಬೇಡಿ, ಅಷ್ಟೇ.”

ಬೇಸರವಾಗದ ಮನುಷ್ಯ ಒಬ್ಬರು ನನಗೆ ಗೊತ್ತಿದ್ದರು. ಇರಣ್ಣನಿಗೆ ಮಗನ ಮನೆಯಲ್ಲಿ ಕುಳಿತು ಕೈ ಕಡಿಯುತ್ತಿತ್ತು. ಕೆಲಸ ಹೇಗಾಗುತ್ತಿದೆ ನೋಡುತ್ತೇನೆ ಎಂದು ಆಟೋ ಮಾಡಿಕೊಂಡು ಬರುತ್ತಿದ್ದರು. ಬಂದವರು ಮೊದಲು ಒಂದು ಸ್ಟೂಲಿನ ಮೇಲೆ ಕುಳಿತು, ಧೋತರ ಮೇಲೆತ್ತಿ, ಜೇಬಿನ ಬಾಟಲಿ ತೆಗೆದು ಎರಡೂ ಮೊಣಕಾಲಿಗೆ ಹರಳೆಣ್ಣೆ ತಿಕ್ಕಿಕೊಳ್ಳುವರು. ಆಮೇಲೆ ಉಳಿದ ಎಣ್ಣೆಯ ಕೈ ತಂತಾನೇ ಸೀಟಿನ ಕಡೆ ಹೋಗುವುದು.

“ಯಜಮಾನ್ರೇ!”

“ಇಲ್ಲವಾ, ಇಲ್ಲ. ಸುಮ್ಮ ನೋಡಾಕತ್ತಿದ್ದೆ.” ಕೈ ಹಿಂದಕ್ಕೆಳೆದುಕೊಂಡು, “ಆದ್ರೂ ತೊಗಲಿಗೆ ಎಣ್ಣಿ ಬ್ಯಾಡ ಅಂದ್ರ ಹೆಂಗ ತಂಗಿ?”

“ಎತ್ತಿನ ಮಿಣಿ ಕೆಸರಲ್ಲಿ, ಮಳೇಲಿ ದುಡಿಯುತ್ತೆ. ಅದಕ್ಕೆ ಎಣ್ಣೆ ಬೇಕು. ಇದು ನೆರಳಲ್ಲಿ ಕೂತು ತಿನ್ನೋ ತೊಗಲು. ಕೂತು ತಿನ್ನೋರಿಗೆ ಎಣ್ಣೆ ಪದಾರ್ಥ ಹಾಕಿದ್ರೆ ಏನಾಗುತ್ತೆ?”

ಅವರು ತಮ್ಮ ಹೊಟ್ಟೆ ನೋಡಿಕೊಂಡು ಜೋರಾಗಿ ನಕ್ಕರು. ಬಾಟಲಿ ಕಿತ್ತುಕೊಂಡರೆ ಇನ್ನೊಂದು ತರುತ್ತಾರೆ, ಮನುಷ್ಯ ಅಂಥವರು. ಕಿತ್ತುಕೊಳ್ಳುವ ಬದಲು ಸೋಪಿನಲ್ಲಿ ಕೈ ತೊಳೆಸಿ ಪೌಡರ್ ಡಬ್ಬಿ ಕೊಟ್ಟೆ. ಅಂದಿನಿಂದ ಅವರೇ ಸೀಟನ್ನು ಬಿಸಿಲಿಗಿಡಿಸಿ, ಪೌಡರ್ ಉದುರಿಸಿ, ಕಾದು, ಬ್ರಷ್ಷಿನಿಂದ ಕೊಡವಿ, ಮತ್ತೆ ಉದುರಿಸುವರು. ಮೊದಮೊದಲು ಪೌಡರ್ ಹಳದಿ ಮುದ್ದೆಯಾಗಿ ಬರುತ್ತಿತ್ತು. ಬರಬರುತ್ತಾ ಬಿಳಿಯಾಯಿತು. ನಮ್ಮ ಶೆಡ್ಡಿಗೆ ಮದುವೆ ಮನೆಯ ವಾಸನೆ ಬಂತು. ಮೈತುಂಬ ಪೌಡರ್ ಮೆತ್ತಿಕೊಂಡ ಇರಣ್ಣನನ್ನು ಕಂಡು ಶ್ಯಾಮಣ್ಣ, “ಮದ್ಲಿಂಗ ನೀವೇಯಾ?” ಎಂದು ಕೇಳಿದರು.

“ಹೂಂ, ಹೆಣ್ಣು ತೋರಸ್ರಿ” ಅಂದರು ಇರಣ್ಣ.

ಬಣ್ಣ ಯಾವುದು ಹೊಡೆಯುವುದೆಂಬ ಪ್ರಶ್ನೆ ಬಂತು. ಮಲ್ಲಿಕ್ ಕಪ್ಪು ಎಂದಿದ್ದರು, ಬಸಮ್ಮನಿಗೆ ಕೆಂಪು ನೆನಪು. ನಾನು ಹಿಂದಿನ ಸೀಟಿನ ಅಂಚಿನ ಹೊಲಿಗೆ ಒಂದಿಷ್ಟು ಬಿಚ್ಚಿದೆ. ರವಿಕೆಯಲ್ಲಾದರೂ ಅಷ್ಟೇ, ಬಟ್ಟೆಯ ನಿಜ ಬಣ್ಣ ಇರುವುದು ಒಳಮಡಿಕೆಯಲ್ಲಿ. ಎಣ್ಣೆ ತಾಗದ, ಬಿಸಿಲು ಕಾಣದ ಒಂದು ಬೆರಳಗಲದ ತೊಗಲು ಹೊರಬಂತು. ಹೊಸ ಬೆಲ್ಲದ ಬಣ್ಣ.

ಇರಣ್ಣ ಕನ್ನಡಕ ಏರಿಸಿ ಬಗ್ಗಿದರು. “ಇದ! ಇದ ನೋಡವಾ ಇದರ ಬಣ್ಣ! ನಾನ ಮರತಿದ್ನಲ್ಲೋ ಶಿವನ!” ಎಂದು ಆ ತುಂಡನ್ನು ಹೆಬ್ಬೆರಳಿನಿಂದ ಸವರಿದರು. ನಾನು ಅವರ ಹೆಬ್ಬೆರಳನ್ನು ಮೊದಲು ಪರೀಕ್ಷಿಸಿದ್ದೆ. ತೊಳೆದಿತ್ತು.

ಬಿರುಕು ತುಂಬಿದೆ, ಉಜ್ಜಿದೆ, ಬೆಲ್ಲದ ಬಣ್ಣ ತೆಳ್ಳಗೆ ಮೂರು ಕೈ ಹೊಡೆದೆ. ಸವೆದ ಅಂಚಿಗೆ ಹೊಸ ತೊಗಲಿನ ಪಟ್ಟಿ ಸೇರಿಸಿ ಹೊಲಿದೆ. ಬಾಗಿಲ ಪಟ್ಟಿಗಳೂ ಹಾಗೇ ಎದ್ದು ಬಂದವು. ಎಲ್ಲ ಜೋಡಿಸಿ ಬಾಗಿಲು ತೆಗೆದಾಗ ನನಗೇ ಒಳಗೆ ಹೋಗಿ ಕುಳಿತು ಕಾಲು ಚಾಚೋಣ ಎನ್ನಿಸಿತು. ಕುಳಿತೆ ಕೂಡ.

ಆದರೆ ಒಪ್ಪಬೇಕಾದವರು ಬಸಮ್ಮ. ಕಾರು ಒಯ್ಯುವ ದಿನ ಅವರು ತಮ್ಮದೇ ಹಳೇ ರೇಷ್ಮೆ ಸೀರೆ ಉಟ್ಟು ಬಂದರು, ಅದೂ ಕೆನೆ ಬಣ್ಣದ್ದೇ. “ಇದನ್ನ ಉಟಗೊಂಡು ದೊಡ್ಡನೆಕ್ಕುಂದಿ ತನಕ ಕುಂತ ಬರ್ತೇನಿ. ಕಂಬಳಿ ಇಲ್ಲ, ಪ್ಲಾಸ್ಟಿಕ್ ಇಲ್ಲ. ಇಳಿದಾಗ ಒಂದ ಕಲೆ ಇದ್ದರ ನನ್ನ ಮಾತು ಮುಗೀತು. ವಸಂತವ್ವಾ, ನೀನೂ ಜೋಡಿ ಬಾ. ಸಾಕ್ಷಿ ಬೇಕು.”

ಮಲ್ಲಿಕ್ ಓಡಿಸಿದರು. ಮುಂದೆ ಇರಣ್ಣ, ಹಿಂದೆ ನಾವಿಬ್ಬರು ಹೆಂಗಸರು. ಆ ಕಾರಿನ ಎಸಿ ಎಂದೋ ಶಿವನ ಪಾದ ಸೇರಿದೆ. ಹೆಬ್ಬಾಳದ ಹತ್ತಿರ ಗಾಡಿಗಳು ಒಂದಕ್ಕೊಂದು ಮೂಗು ತಾಗಿಸಿ ನಿಂತವು. ನಡುಮಧ್ಯಾಹ್ನ, ಮೇಲೆ ಸೂರ್ಯ, ಕೆಳಗೆ ಕಾದ ಡಾಂಬರು. ಒಳಗೆ ಒಂದು ಹನಿ ಎಣ್ಣೆ ಉಳಿದಿದ್ದರೂ ಈಗ ಮೇಲೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಬಸಮ್ಮನಿಗೂ ಗೊತ್ತಿತ್ತು. ಬೇಕೆಂದೇ ಬೆನ್ನನ್ನು ಸೀಟಿಗೆ ಒತ್ತಿ, ಕಣ್ಣು ಮುಚ್ಚಿ, ದೇವರ ಮುಂದೆ ಕುಳಿತಂತೆ ಕುಳಿತಿದ್ದರು. ಮುಂದೆ ಇರಣ್ಣ ಬಗ್ಗಿ ಏನೋ ಮಾಡಿಕೊಳ್ಳುತ್ತಿದ್ದರು. ಅವರ ಭುಜ ಅಲ್ಲಾಡುತ್ತಿತ್ತು. ಪಾಪ, ಜಪ ಮಾಡುತ್ತಿದ್ದಾರೆ ಅಂದುಕೊಂಡೆ.

ಅಪಾರ್ಟ್‌ಮೆಂಟಿನ ಕೆಳಗೆ ನಿವೇದಿತಾ ಕಾಯುತ್ತಿದ್ದಳು. ಕಾರು ನಿಂತದ್ದೇ ಇರಣ್ಣ ಧಡಕ್ಕನೆ ಇಳಿದು, ಸುತ್ತಿ ಬಂದು, ಹಿಂದಿನ ಬಾಗಿಲು ತೆಗೆದು, ಹೆಂಡತಿಯ ಬೆನ್ನಿಗೆ ಕೈ ಕೊಟ್ಟು ಇಳಿಸಿದರು. ಹೊಸ ಮದುಮಗ ಕೂಡ ಅಷ್ಟು ಉಪಚಾರ ಮಾಡಲಾರ.

“ತಿರುಗಜ್ಜಿ” ಅಂದಳು ನಿವೇದಿತಾ.

ಬಸಮ್ಮ ತಿರುಗಿದರು. ನಿವೇದಿತಾಳ ಮುಖ ಸಣ್ಣಗಾಯಿತು. ಬೆನ್ನ ಮೇಲಿನ ಸೆರಗಿನಲ್ಲಿ ಅಂಗೈಯಗಲದ ಎಣ್ಣೆ ಕಲೆ.

ಕರವಸ್ತ್ರ ತೆಗೆದು ಸೀಟಿನ ಬೆನ್ನಿಗೆ ಗಟ್ಟಿಯಾಗಿ ಒತ್ತಿ ನೋಡಿದೆ. ಒಣಗಿತ್ತು. ಇನ್ನೊಮ್ಮೆ ಒತ್ತಿದೆ. ಒಣಗಿಯೇ ಇತ್ತು. ಆದರೆ ಕಲೆ ಎದುರಿಗಿರುವಾಗ ಕರವಸ್ತ್ರದ ಮಾತು ಯಾರು ಕೇಳುತ್ತಾರೆ? ಮಲ್ಲಿಕ್ ಮೆಲ್ಲಗೆ, “ಹೋಗ್ಲಿ ಬಿಡಪ್ಪಾ, ಬೇರೆ ಕಾರು ಹೇಳೋಣ” ಅಂದರು. ಇರಣ್ಣ ಕಾರಿನ ಮಾಡಿನ ಮೇಲೆ ಕೈಯಿಟ್ಟುಕೊಂಡು, ಮುದಿ ಎತ್ತನ್ನು ಸಂತೆಗೆ ಕಳಿಸುವವರಂತೆ ನಿಂತುಬಿಟ್ಟರು.

ಬಸಮ್ಮ ಸೆರಗನ್ನು ಮುಂದಕ್ಕೆ ಎಳೆದುಕೊಂಡು ಬಿಸಿಲಿಗೆ ಹಿಡಿದರು. ನೋಡಿದರು. ಹತ್ತಿರ ತಂದು ಮತ್ತೆ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿದರು.

“ಏನ್ರೀ, ಸೀಟಿಗೆ ಹೆಬ್ಬೆರಳು ಯಾವಾಗ ಬಂತು?”

ನಾವೆಲ್ಲ ಬಗ್ಗಿ ನೋಡಿದೆವು. ಐದೂ ಬೆರಳು ಸ್ಪಷ್ಟವಾಗಿದ್ದವು, ಹಬ್ಬಕ್ಕೆ ಗೋಡೆಗೆ ಒತ್ತಿದ ಕೈಯಚ್ಚಿನ ಹಾಗೆ. ಉಂಗುರದ ಗುರುತು ಕೂಡ.

ಇರಣ್ಣ ತಮ್ಮ ಅಂಗೈ ನೋಡಿಕೊಂಡರು. ಫಳಫಳ ಹೊಳೆಯುತ್ತಿತ್ತು. “ಅಲ್ಲಿ... ಹೆಬ್ಬಾಳದಾಗ ಮೊಣಕಾಲು ಭಾಳ ನೋಯಾಕತ್ತಿದ್ದವು... ಜೀವ ತಡೀಲಿಲ್ಲ, ಒಂಚೂರು ತಿಕ್ಕೊಂಡೆ...”

ಮೊದಲು ನಕ್ಕವರು ಬಸಮ್ಮ. ನಗುತ್ತಾ ಕಾರಿಗೇ ಒರಗಿಕೊಂಡರು. ನಿವೇದಿತಾ ಅಜ್ಜನನ್ನು ತಬ್ಬಿಕೊಳ್ಳಲು ಓಡಿದವಳು ಅರ್ಧದಲ್ಲೇ ನಿಂತು, “ಕೈ ಮ್ಯಾಲೆ ಮಾಡು ಅಜ್ಜಾ, ಕೈ ಮ್ಯಾಲೆ!” ಎಂದು ಕೂಗಿದಳು. ಪೊಲೀಸರಿಗೆ ಸಿಕ್ಕ ಕಳ್ಳನಂತೆ ಎರಡೂ ಕೈ ಎತ್ತಿ ನಿಂತ ಅಜ್ಜನನ್ನು ಅವಳು ಹಾಗೇ ತಬ್ಬಿಕೊಂಡಳು.

ಬಸಮ್ಮ ಕೈ ಚಾಚಿದರು. “ಆ ಬಾಟ್ಲಿ ಕೊಡ್ರಿ ಇಲ್ಲಿ.”

“ಮೊಣಕಾಲಿಗೆ...”

“ಮದಿವಿ ಮುಗಿದ ಮ್ಯಾಲೆ ನಾನ ತಿಕ್ತೇನಿ. ಕೊಡ್ರಿ.”

ಬಾಟಲಿ ಅವರ ಸೊಂಟದ ಚೀಲ ಸೇರಿತು. “ಕಾರು ಬರಲಿ” ಅಂದರು, ನನ್ನ ಕಡೆ ನೋಡಿ. “ಸೀಟಿನ ತಪ್ಪೇನಿಲ್ಲ. ಈ ಕೈಗೆ ಮಾತ್ರ ಏನರ ವ್ಯವಸ್ಥಾ ಆಗಬೇಕು.”

ವ್ಯವಸ್ಥೆ ಏನಾಯಿತೆಂದು ಮದುವೆಗೆ ಹೋದಾಗ ಕಂಡೆ. ನಾನೂ ಶ್ಯಾಮಣ್ಣನೂ ಛತ್ರದ ಬಾಗಿಲಲ್ಲಿ ನಿಂತಿದ್ದೆವು. ಹೂವಿನ ಹಾರ ಹಾಕಿದ ಕಾಂಟೆಸ್ಸಾ ಬಂತು. ಹಿಂದೆ ಬೆಲ್ಲದ ಬಣ್ಣದ ಸೀಟಿಗೆ ಒರಗಿ ಕೆನೆ ಬಣ್ಣದ ಸೀರೆಯ ನಿವೇದಿತಾ, ಒಂದು ಚುಕ್ಕೆ ಕಲೆಯಿಲ್ಲ. ಮುಂದಿನ ಸೀಟಿನಲ್ಲಿ ಜರಿ ರುಮಾಲು ಸುತ್ತಿದ ಇರಣ್ಣ. ಹೊರಗೆ ತಲೆ ಸೀಳುವ ಬಿಸಿಲು. ಅವರ ಎರಡೂ ಕೈಗೆ, ಕೇದಾರಕ್ಕೆ ಹೋದಾಗ ಚಳಿಗೆಂದು ಕೊಂಡಿದ್ದ ದಪ್ಪ ಉಣ್ಣೆಯ ಕೈಗವಸು.

“ಇದೇನು ಯಜಮಾನ್ರೇ?” ಎಂದು ಕೇಳಿದರು ಶ್ಯಾಮಣ್ಣ.

“ನಮ್ಮ ಮನಿಯಾಕಿ ಹಾಕಿಸಿದ ಸೀಟ್ ಕವರ್ರೀ” ಎಂದು ಇರಣ್ಣ ಎರಡೂ ಕೈ ಎತ್ತಿ, ವಾಲಗದ ತಾಳಕ್ಕೆ ಬೀಸುತ್ತಾ ಒಳಗೆ ಹೋದರು.