ಮಚ್ಚೆಯ ನಡುವಿನ ಗೆರೆ

ಇಲ್ಲ, ಗೆರೆ ಇರಲೇಬೇಕು. ತನ್ನ ಕಣ್ಣೇ ಸೋತಿರಬೇಕು, ಇಲ್ಲವೇ ಅಕ್ಕ ಸ್ಕ್ಯಾನ್ ಯಂತ್ರದೊಳಗೆ ತಲೆ ಅಲುಗಿಸಿರಬೇಕು. ಅವನು ಚಿತ್ರವನ್ನು ಮತ್ತೆ ದೊಡ್ಡದು ಮಾಡಿದ. ಮೆದುಳಿನಲ್ಲಿ ಬಿಳಿ ಮಚ್ಚೆಗಳೇನೋ ಇದ್ದವು. ಆದರೆ ನರಗಳ ಹೊದಿಕೆಯನ್ನು ಹಾಳುಮಾಡುವ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಮಚ್ಚೆ ಸಾಮಾನ್ಯವಾಗಿ ಸಣ್ಣ ರಕ್ತನಾಳವೊಂದರ ಸುತ್ತ ಹುಟ್ಟುತ್ತದೆ. ಹೊಸ ಬಗೆಯ ಸ್ಕ್ಯಾನಿನಲ್ಲಿ ಆ ನಾಳ ಮಚ್ಚೆಯ ನಟ್ಟನಡುವೆ ಕಪ್ಪು ಗೆರೆಯಾಗಿ ಕಾಣುತ್ತದೆ. ಆ ಗೆರೆ ಹುಡುಕುವುದೇ ಅವನ ಪಿಎಚ್‌ಡಿ. ತಮ್ಮನಿಗೆ ಉಪಯೋಗವಾಗಲಿ ಎಂದು ಸ್ಕ್ಯಾನಿಗೆ ಬಂದಿದ್ದ ಅಕ್ಕನ ಮಚ್ಚೆಗಳಲ್ಲಿ ಅದು ಒಂದರಲ್ಲೂ ಇರಲಿಲ್ಲ. ಬರೀ ಮೈಗ್ರೇನ್ ಇರುವವರಲ್ಲೂ ಕಾಣುವಂಥ ಮಚ್ಚೆಗಳು.

ಬಹಳ ವರ್ಷಗಳ ಹಿಂದೆ ಅವಳಿಗೆ ಆ ಕಾಯಿಲೆ ಇದೆ ಎಂದು ಹೇಳಿದ ಡಾಕ್ಟರೇ ಈಗ ಅವನ ಗೈಡ್. ಅವರು ಕನ್ನಡಕ ಹಣೆಗೇರಿಸಿ ಪರದೆಯನ್ನು ತುಂಬ ಹೊತ್ತು ನೋಡಿದರು.

"ಅಪವಾದ ಇದ್ದೇ ಇರುತ್ತಪ್ಪ. ಈ ಸ್ಕ್ಯಾನ್ ಲೆಕ್ಕದಿಂದ ಕೈಬಿಡು."

"ಸರ್, ಇವರು ನಮ್ಮಕ್ಕ."

"ಅದಕ್ಕೇ ಹೇಳ್ತಿರೋದು. ಮನೆಯವರನ್ನ ಸೇರಿಸಿಕೊಂಡಿದ್ದೇ ತಪ್ಪು. ಥೀಸಿಸ್ ಕೊಡಬೇಕು ತಾನೇ? ಸುಮ್ನೆ ತಲೆ ಕೆಡಿಸ್ಕೋಬೇಡ."

ಅವನು ಕೈಬಿಟ್ಟ. ಒಂದು ಗುಂಡಿ ಒತ್ತಿದರೆ ಸಾಕಿತ್ತು.

ಸಂಜೆ ಹೋದಾಗ ಅಕ್ಕ ತೊಡೆಗೆ ಇಂಜೆಕ್ಷನ್ ಚುಚ್ಚಿಕೊಂಡು ಹತ್ತಿ ಒತ್ತಿ ಹಿಡಿದಿದ್ದಳು.

"ಬಾರೋ ಗೂಬೆ. ನನ್ನ ತಲೇಲಿ ಏನಾದ್ರೂ ಸಿಕ್ತಾ?"

"ನೋಡ್ತಾ ಇದೀವಿ."

"ನಿಮ್ಮ ಭಾವ ಮದುವೆ ಆದಾಗಿಂದ ನೋಡ್ತಾ ಇದಾರೆ."

"ಇದ್ದರೆ ತಾನೇ ಸಿಗೋದು!" ಅಡುಗೆಮನೆಯಿಂದ ಭಾವ ಕೂಗಿದರು.

ಅಕ್ಕ-ಭಾವನಿಗೆ ಮಕ್ಕಳಿರಲಿಲ್ಲ. ಈ ಔಷಧಿ ನಡೆಯುವಾಗ ಬಸಿರು ಬೇಡ ಎಂದು ಅವನ ಗೈಡೇ ಅಂದು ಹೇಳಿದ್ದರು. ನಿಲ್ಲಿಸಿದರೆ ಕೈಕಾಲು ಬಿದ್ದುಹೋಗಬಹುದು ಎಂದೂ ಹೆದರಿಸಿದ್ದರು. ಕಾಯುತ್ತ ಕಾಯುತ್ತ ವಯಸ್ಸು ಮೀರಿತ್ತು.

"ಅಕ್ಕ, ಇಂಜೆಕ್ಷನ್ ಬಿಟ್ಟು ನೋಡಿದ್ರೆ ಹೇಗೆ? ಬೇರೆ ಡಾಕ್ಟರ ಹತ್ರ ಒಂದ್ಸಲ..."

"ಬಿಡಬಹುದಿತ್ತು ಅಂತ ಈಗ ಯಾರಾದ್ರೂ ಬಾಯಿ ಬಿಟ್ರೆ ಅವರ ಹಲ್ಲು ಉದುರಿಸ್ತೀನಿ," ಅವಳು ನಗುತ್ತಲೇ ಅಂದಳು. "ಇದಕ್ಕೋಸ್ಕರ ತೊಟ್ಟಿಲನ್ನೇ ಬಿಟ್ಟಿದೀನಿ ಕಣೋ."

ಅಡುಗೆಮನೆಯ ಪಾತ್ರೆಗಳ ಸದ್ದು ನಿಂತಿತು. ನಲ್ಲಿಯ ನೀರು ಮಾತ್ರ ಸುರಿಯುತ್ತಿತ್ತು. ಅವಳು ಹತ್ತಿಯನ್ನು ತೆಗೆದು ನೋಡಿ, ಮಡಚಿ, ಮತ್ತೆ ಅಲ್ಲೇ ಒತ್ತಿಕೊಂಡಳು. ಅವನು ಎದ್ದು ಚಪ್ಪಲಿ ಮೆಟ್ಟಿದ.

ಅವಳ ನೆಮ್ಮದಿ ಯಾಕೆ ಕೆಡಿಸಲಿ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಇದಕ್ಕೂ ಥೀಸಿಸ್‌ಗೂ ಸಂಬಂಧವಿಲ್ಲ ಎಂದೂ ಹೇಳಿಕೊಂಡ. ಅದನ್ನು ಎರಡೆರಡು ಸಲ ಹೇಳಿಕೊಳ್ಳಬೇಕಾಯಿತು.

ಥೀಸಿಸ್ ಒಪ್ಪಿಗೆಯಾಯಿತು. ಮೊದಲ ಪುಟದಲ್ಲಿ ಗೈಡ್‌ಗೆ ಕೃತಜ್ಞತೆ ಇತ್ತು, ಅದರ ಕೆಳಗೆ ಅಕ್ಕನಿಗೆ. ಅವಳು ಅದನ್ನು ಭಾವನಿಗೆ ಗಟ್ಟಿಯಾಗಿ ಓದಿ ಹೇಳಿದಳಂತೆ. ಇಂಜೆಕ್ಷನ್ ಈಗಲೂ ನಡೆದಿದೆ.

ನಿನಗೆ ಆ ಕಾಯಿಲೆ ಇಲ್ಲದಿರಬಹುದು ಎಂದು ಅವನು ಅಕ್ಕನಿಗೆ ಎಂದೂ ಹೇಳಲಿಲ್ಲ.