ಗಾಳಿಗೆ ಎದುರಾಗಿ ಓಡು

ನನ್ನ ಮಗಳು ಸಂಘಮಿತ್ರ ಸರಕು ಹಡಗಿನಲ್ಲಿ ಎಂಜಿನಿಯರ್. ರಜೆಗೆಂದು ಹೊಸಕೋಟೆಗೆ ಬಂದವಳು ಮಧ್ಯಾಹ್ನ ಊಟಕ್ಕೆ ಕೂತಾಗ ಸುದ್ದಿ ಹೇಳಿದಳು.

"ಅಪ್ಪಾ, ಮುಂದಿನ ತಿಂಗ್ಳು ಹೊಸ ಹಡಗಿಗೆ ಹೋಗ್ತೀನಿ. ಹಡಗುಗಳ ಹೊಗೆಯಿಂದ ಭೂಮಿ ಬಿಸಿಯಾಗ್ತಿದೆ, ಕಡಿಮೆ ಮಾಡ್ಬೇಕು ಅಂತ ಎಲ್ಲಾ ದೇಶದೋರೂ ಕೂತು ಮಾತಾಡ್ತಿದಾರೆ. ಅದಕ್ಕೇ ಇದ್ರಲ್ಲಿ ಎಣ್ಣೆ ಬದ್ಲು ಅಮೋನಿಯಾ ಉರಿಸ್ತೀವಿ."

ಬಾಯಿಗಿಡಲಿದ್ದ ಮುದ್ದೆಯ ತುತ್ತನ್ನು ತಟ್ಟೆಗೇ ಹಾಕಿದೆ.

ಇಪ್ಪತ್ತೆರಡು ವರ್ಷ ನಾನು ತರಕಾರಿಯ ಕೋಲ್ಡ್ ಸ್ಟೋರೇಜ್‌ನಲ್ಲಿ ತಂಪು ಮಾಡುವ ಅಮೋನಿಯಾ ಯಂತ್ರ ನೋಡಿಕೊಂಡವನು. ಒಮ್ಮೆ ಪೈಪು ಒಡೆದು ಆ ವಿಷಾನಿಲ ಸೋರಿದಾಗ ಒದ್ದೆ ಟವೆಲ್ ಮುಖಕ್ಕೆ ಒತ್ತಿಕೊಂಡು, ಗಾಳಿಗೆ ಎದುರಾಗಿ ಕೆರೆ ಏರಿಯವರೆಗೂ ಓಡಿದ್ದೆ. ಒಂದು ಕಿಲೋಮೀಟರ್. ಜೊತೆಗಿದ್ದ ಬೀರೇಶ ಗಾಳಿ ಬೀಸಿದ ಕಡೆಗೇ ಓಡಿದ. ಹೊತ್ತು ತಂದಾಗ ಅವನ ಕಣ್ಣು ತೆರೆದೇ ಇದ್ದವು, ಉಸಿರಿರಲಿಲ್ಲ. ಇವತ್ತಿಗೂ ಯಾವ ಕೋಣೆಗೆ ಹೋದರೂ ನಾನು ಮೊದಲು ಮೂಸಿ ನೋಡಿ ಆಮೇಲೆ ಕಾಲಿಡುತ್ತೇನೆ.

"ಪ್ರಪಂಚದಲ್ಲಿ ನಿಂಗೆ ಬೇರೆ ಹಡಗೇ ಸಿಗ್ಲಿಲ್ವಾ?" ಎಂದು ಕಿರುಚಿದೆ. ಹೆಂಡತಿ ಮುತ್ತಮ್ಮ ಅಡುಗೆಮನೆಯಿಂದ ಓಡಿ ಬಂದಳು.

ಮಗಳು ನಕ್ಕಳು. "ಸೆನ್ಸರ್ ಇದೆ, ಮಾಸ್ಕ್ ಇದೆ, ಟ್ರೈನಿಂಗ್ ಕೊಡ್ತಾರೆ ಕಣಪ್ಪಾ. ಸೋರಿದ್ರೆ ಏನ್ ಮಾಡ್ಬೇಕು ಅಂತ ಚಿಕ್ಕೋಳಿದ್ದಾಗ್ಲೇ ನೀನೇ ಹೇಳ್ಕೊಟ್ಟಿದ್ದೀಯಲ್ಲ, ಗಾಳಿಗೆ ಎದುರಾಗಿ ಓಡು ಅಂತ."

ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದೆ.

"ಹಡಗು ಎಷ್ಟುದ್ದ ಇದೆಯಮ್ಮಾ?"

"ಇನ್ನೂರು ಮೀಟರ್."